ಮಾರ್ಚ್ ತಿಂಗಳಲ್ಲಿ ಅಂಗಳ ಜಾರುವುದಿಲ್ಲ: ಮನೆಯೊಳಗಿನ ಹಿಂಸೆಯ ಗುರುತು ಹಿಡಿಯುವುದು ಹೇಗೆ

"ಅಂಗಳದಲ್ಲಿ ಜಾರಿ ಬಿದ್ದೆ ಟೀಚರ್, ಪಾಚಿ ಕಟ್ಟಿತ್ತು."

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಅಂಗನವಾಡಿಯಲ್ಲಿ ಬಹಳ ವರ್ಷ ಕೆಲಸ ಮಾಡಿದವಳು. ಮಗುವನ್ನು ಬಿಡಲು ಬಂದ ತಾಯಿ ಹೀಗೆ ಹೇಳಿದಳು. ಅವಳ ಎಡಗೈಯ ಮಣಿಕಟ್ಟು ಊದಿತ್ತು. "ಹೌದಾ, ಜಾಗ್ರತೆ ಮಾರಾಯ್ತಿ" ಅಂದೆ. ಮಗುವನ್ನು ಒಳಗೆ ಕರೆದುಕೊಂಡೆ, ಉಪ್ಪಿಟ್ಟಿಗೆ ನೀರಿಟ್ಟೆ. ಅರ್ಧ ಗಂಟೆ ಕಳೆದ ಮೇಲೆ ಹೊಳೆಯಿತು, ಇದು ಮಾರ್ಚ್ ತಿಂಗಳು. ಬಾವಿಯ ನೀರೇ ತಳ ಕಂಡಿದೆ. ಮನೆ ಮನೆಯ ಅಂಗಳದಲ್ಲಿ ಅಡಿಕೆ ಒಣಗುತ್ತಿದೆ. ಪಾಚಿ ಎಲ್ಲಿಂದ ಬಂತು?

ಸಂಜೆ ಅವಳು ಬಂದಾಗ ಕೇಳಬಹುದಿತ್ತು. ಕೇಳಲಿಲ್ಲ. ಬೇರೆಯವರ ಮನೆ ವಿಷಯ ಅಲ್ವಾ ಅಂತ ಸುಮ್ನಾದೆ. ಮಳೆಗಾಲ ಶುರುವಾಗುವ ಹೊತ್ತಿಗೆ ಮಗು ಬರುವುದು ನಿಂತಿತು. ಅವಳು ಒಂದು ರಾತ್ರಿ ಮಗುವನ್ನು ಎತ್ತಿಕೊಂಡು ಬರಿಗೈಯಲ್ಲಿ ತವರಿಗೆ ಹೋಗಿದ್ದಳು. ಆಧಾರ್ ಕಾರ್ಡ್ ಸಹಿತ ಕೈಯಲ್ಲಿ ಇರಲಿಲ್ಲ.

ಆಮೇಲೆ ಒಂದೊಂದಾಗಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದು ಹೆಚ್ಚಾಗಿ ಹತ್ತಿರದವರಿಗೆ: ಅಮ್ಮ, ಅಕ್ಕ, ಅತ್ತಿಗೆ, ಬೇಲಿಯಾಚೆ ಮನೆಯವರು, ಕುಟುಂಬಶ್ರೀಯ (ಕೇರಳದ ಹೆಂಗಸರ ಸ್ವಸಹಾಯ ಸಂಘ) ಗೆಳತಿಯರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಹಿಂಸೆ ಅನುಭವಿಸಿದ ಹೆಂಗಸರಲ್ಲಿ ಸಹಾಯ ಕೇಳಿದವರು ನೂರಕ್ಕೆ 14 ಮಂದಿ ಮಾತ್ರ. ಅವರಲ್ಲೂ ಹೆಚ್ಚಿನವರು ಹೋದದ್ದು ತವರಿನವರ ಹತ್ತಿರ. ಪೊಲೀಸರ ಹತ್ತಿರ ಹೋದವರು ತೀರಾ ಕಡಿಮೆ.

ನೀವೇ ಅಂಥ ಮನೆಯಲ್ಲಿದ್ದು ಇದನ್ನು ಓದುತ್ತಿದ್ದರೆ ಒಂದು ಮಾತು. ಗಂಡ ನಿಮ್ಮ ಫೋನ್ ತೆಗೆದು ನೋಡುವವನಾದರೆ, ಓದಿ ಮುಗಿದ ಮೇಲೆ ಹಿಸ್ಟರಿಯಲ್ಲಿ ಇದೊಂದನ್ನು ಮಾತ್ರ ಅಳಿಸಿ. ಎಲ್ಲವನ್ನೂ ಖಾಲಿ ಮಾಡಿದರೆ ಅದೇ ಸಂಶಯಕ್ಕೆ ಕಾರಣ ಆಗುತ್ತದೆ.

ಮೊದಲ ಹೆಜ್ಜೆ: ಏನು ನಿಂತುಹೋಯಿತು ಎಂದು ನೋಡಿ

ಎಲ್ಲರೂ ಗಾಯ ಹುಡುಕುತ್ತಾರೆ. ಗಾಯ ಸೀರೆಯ ಸೆರಗಿನೊಳಗೆ ಇರುತ್ತದೆ, ಚೂಡಿದಾರದ ತೋಳಿನೊಳಗೆ ಇರುತ್ತದೆ. ಹೊರಗೆ ಕಾಣುವುದು ಬೇರೆ. ಅವಳು ಮೊದಲು ಮಾಡುತ್ತಿದ್ದ ಒಂದೊಂದೇ ಕೆಲಸ ನಿಲ್ಲುತ್ತಾ ಬರುತ್ತದೆ.

ವಾರದ ಕುಟುಂಬಶ್ರೀ ಸಭೆಗೆ ತಪ್ಪದೆ ಬರುತ್ತಿದ್ದವಳು "ಈ ವಾರ ಆಗುವುದಿಲ್ಲ" ಅನ್ನುತ್ತಾಳೆ. ಮುಂದಿನ ವಾರವೂ ಅದೇ. ಅಷ್ಟಮಿಗೆ, ಪೆರ್ನಾಳಿಗೆ, ಊರಿನ ಭೂತಕೋಲಕ್ಕೆ ತವರಿಗೆ ಬರುತ್ತಿದ್ದವಳು ಬರುವುದಿಲ್ಲ. ಬಂದರೂ ಮಧ್ಯಾಹ್ನದ ಊಟ ಮುಗಿಯುವ ಮೊದಲೇ ಗಡಿಯಾರ ನೋಡುತ್ತಾಳೆ. ಅಮ್ಮನ ಹತ್ತಿರ ಫೋನಿನಲ್ಲಿ ಮಾತಾಡುವಾಗ ಸ್ಪೀಕರ್ ಹಾಕಿರುತ್ತದೆ. ಹಾಗೆ ಹಾಕಿದ್ದು ಗೊತ್ತಾಗುತ್ತದೆ, ಅವಳ ಮಾತು ಒಮ್ಮೆಲೇ ನೆಂಟರ ಹತ್ತಿರ ಆಡುವ ಮಾತಿನ ಹಾಗೆ ಆಗುತ್ತದೆ. "ನಾನು ಚೆನ್ನಾಗಿದ್ದೇನೆ, ಎಲ್ಲರೂ ಚೆನ್ನಾಗಿದ್ದಾರೆ."

ಕಾಸಿನ ವಿಷಯ ಬೇಗ ತಿಳಿಯುತ್ತದೆ. ನಮ್ಮಲ್ಲಿ ಬೀಡಿ ಕಟ್ಟುವವರು ಸಾಕಷ್ಟು ಮಂದಿ. ಎಲೆ ಕತ್ತರಿಸಿ, ಸೊಪ್ಪು ತುಂಬಿ, ಬೆನ್ನು ಬಗ್ಗಿಸಿ ಕಟ್ಟುವವಳು ಅವಳು. ಬೀಡಿ ಕಂಪೆನಿಯ ಬ್ರಾಂಚಿನಿಂದ ಮಜೂರಿ ತರುವವನು ಗಂಡ. ತಂದದ್ದು ಎಷ್ಟು ಎಂದು ಅವಳಿಗೆ ಗೊತ್ತಿಲ್ಲ. ಮಗುವಿನ ಪೆನ್ಸಿಲಿಗೆ 10 ರೂಪಾಯಿ ಬೇಕಾದರೂ ಕಾರಣ ಹೇಳಬೇಕು. ಬ್ಯಾಂಕಿನ ಎಟಿಎಂ ಕಾರ್ಡ್ ಅವನ ಪರ್ಸಿನಲ್ಲಿ. ಮದುವೆಗೆ ಹಾಕಿದ ಬಳೆ ಯಾವುದೋ ಫೈನಾನ್ಸಿನಲ್ಲಿ, ಚೀಟಿ ಎಲ್ಲಿ ಎಂದು ಕೇಳುವ ಹಾಗಿಲ್ಲ.

ಇನ್ನೊಂದು ನಮ್ಮ ಜಿಲ್ಲೆಯಲ್ಲಿ ಜಾಸ್ತಿ ಕಾಣುವುದು. ಗಂಡ ಗಲ್ಫ್‌ನಲ್ಲಿ, ಇವಳು ಇಲ್ಲಿ. ದೂರ ಇದ್ದವನು ಎಂತ ಮಾಡ್ತಾನೆ ಅಂತ ನಾವು ಅಂದುಕೊಳ್ಳುತ್ತೇವೆ. ಒಮ್ಮೆ ಸಭೆಯಲ್ಲಿ ಪಕ್ಕದಲ್ಲಿ ಕೂತಿದ್ದವಳಿಗೆ ವಿಡಿಯೋ ಕಾಲ್ ಬಂತು. ಅವಳು ಮಾತೇ ಆಡಲಿಲ್ಲ. ಫೋನನ್ನು ಎತ್ತಿ ಹಿಡಿದು, ಕೋಣೆಯ ನಾಲ್ಕೂ ಮೂಲೆಗೆ ಮೆಲ್ಲನೆ ತಿರುಗಿಸಿದಳು. ಬಾಗಿಲು, ಬೆಂಚು, ನಮ್ಮ ಮುಖ. ಆಮೇಲೆ ಫೋನ್ ಮಡಿಲಲ್ಲಿ ಇಟ್ಟುಕೊಂಡಳು. ಯಾರೂ ಏನೂ ಕೇಳಲಿಲ್ಲ. ಅವಳ ಕೈಗೆ ಅದು ಅಭ್ಯಾಸ ಆಗಿಹೋಗಿತ್ತು, ಅಕ್ಕಿ ಕೇರುವ ಹಾಗೆ.

ಪುತ್ತೂರು, ಸುಳ್ಯ, ಬಂಟ್ವಾಳದಿಂದ ಮದುವೆಯಾಗಿ ಈಚೆ ಬಂದ ಹುಡುಗಿಯರ ಕಷ್ಟ ಇನ್ನೂ ಒಂದು ಕೈ ಹೆಚ್ಚು. ಬಸ್ಸಿನ ಬೋರ್ಡು ಓದಲು ಬಾರದು, ಪಂಚಾಯಿತಿಯಲ್ಲಿ ಮಾತು ತಿಳಿಯದು. ಎಲ್ಲದಕ್ಕೂ ಗಂಡನೇ ಬೇಕು. ಒಳ್ಳೆಯ ಗಂಡ ಮಲಯಾಳ ಕಲಿಸುತ್ತಾನೆ. ಕೆಟ್ಟವನಿಗೆ ಅವಳು ಕಲಿಯದಿರುವುದೇ ಬೇಕು.

ಹಾಗಂತ ಇದರಲ್ಲಿ ಒಂದು ಕಂಡ ಕೂಡಲೇ ಹಿಂಸೆ ಎಂದು ತೀರ್ಮಾನ ಮಾಡಬೇಡಿ. ಅತ್ತೆಗೆ ಹುಷಾರಿಲ್ಲದೆ ತವರಿಗೆ ಬಾರದವರೂ ಇದ್ದಾರೆ. "ಅವರ ಹತ್ತಿರ ಕೇಳಿ ಹೇಳ್ತೇನೆ" ಎಂದು ನಾನೂ ನೂರು ಸಲ ಹೇಳಿದ್ದೇನೆ. ನಾನು ನೋಡುವುದು ಒಂದೇ: ಅವಳು "ಬೇಡ" ಅಂದರೆ ಮನೆಯಲ್ಲಿ ಏನಾಗುತ್ತದೆ? ಜಗಳದ ಮನೆಯಲ್ಲಿ ಎರಡು ದನಿ ಕೇಳುತ್ತದೆ. ಹೆಂಡತಿಯೂ ಬೈಯುತ್ತಾಳೆ, ಪಾತ್ರೆ ಕುಕ್ಕುತ್ತಾಳೆ, ಮುಖ ಊದಿಸಿ ಕೂರುತ್ತಾಳೆ. "ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಅನ್ನುವ ಗಾದೆ ಇಂಥ ಮನೆಗೆ ಸರಿ. ಹಿಂಸೆಯ ಮನೆಯಲ್ಲಿ ಕೇಳುವುದು ಒಂದೇ ದನಿ. ಅವನ ಬೈಕಿನ ಸದ್ದು ಕೇಳಿದ ಕೂಡಲೇ ಅವಳ ಮಾತು ಅರ್ಧಕ್ಕೆ ನಿಲ್ಲುತ್ತದೆ, ಮಕ್ಕಳು ಟಿವಿ ಆಫ್ ಮಾಡುತ್ತಾರೆ. ಆ ಹೆದರಿಕೆಯನ್ನು ನೋಡಲು ಕಲಿಯಿರಿ.

ಕಾನೂನು ಕೂಡ ಪೆಟ್ಟನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ. 2005ರ ಗೃಹ ಹಿಂಸೆ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಮೈಗೆ ಆಗುವ ಹಿಂಸೆ, ಲೈಂಗಿಕ ಹಿಂಸೆ, ಮಾತಿನ ಮತ್ತು ಮನಸ್ಸಿನ ಹಿಂಸೆ, ಹಣದ ಹಿಂಸೆ, ನಾಲ್ಕೂ ಅದರಲ್ಲಿ ಇದೆ. ಬೀಡಿ ದುಡ್ಡು ಕಸಿದುಕೊಳ್ಳುವುದೂ ಇದರೊಳಗೆ ಬರುತ್ತದೆ. ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಭೇದ ಈ ಕಾಯ್ದೆಗೆ ಇಲ್ಲ.

ಎರಡನೆಯದು: ಸಮಾಧಾನದ ವಾರಕ್ಕೆ ಮರುಳಾಗಬೇಡಿ

ಅಮೆರಿಕದ ಮನಶ್ಶಾಸ್ತ್ರಜ್ಞೆ ಲೆನೋರ್ ವಾಕರ್ 1979ರಲ್ಲಿ ಒಂದು ಸುತ್ತನ್ನು ಗುರುತಿಸಿದರು. ಮೊದಲು ಮನೆಯಲ್ಲಿ ಬಿಗಿ ಏರುತ್ತದೆ, ಆಮೇಲೆ ಪೆಟ್ಟು, ಆಮೇಲೆ ಅಳು ಮತ್ತು ಕ್ಷಮೆ. ಅವನು ಪೇಟೆಯಿಂದ ಹಲ್ವ ತರುತ್ತಾನೆ, ಮಕ್ಕಳ ತಲೆ ಮುಟ್ಟಿ ಆಣೆ ಮಾಡುತ್ತಾನೆ. ತವರಿನವರು ಆ ವಾರ ಹೋದರೆ ಅವಳೇ ಅವನ ಪರ ಮಾತಾಡುತ್ತಾಳೆ. "ನಿಮ್ಮ ಮಗಳಿಗೇ ಇಲ್ಲದ ತಕರಾರು ನಿಮಗೆ ಎಂತಕ್ಕೆ" ಅನ್ನಿಸಿಕೊಂಡು ಅಪ್ಪ ವಾಪಸ್ ಬರುತ್ತಾನೆ. ಎಲ್ಲ ಮನೆಯಲ್ಲೂ ಹೀಗೇ ಆಗಬೇಕೆಂದಿಲ್ಲ. ವರ್ಷ ಕಳೆದ ಹಾಗೆ ಕ್ಷಮೆಯ ಭಾಗವೇ ಕಾಣದಾಗುವ ಮನೆಗಳೂ ಇವೆ.

"ಕುಡಿದಾಗ ಮಾತ್ರ" ಎಂಬ ಮಾತನ್ನೂ ತುಂಬಾ ಕೇಳಿದ್ದೇನೆ. ಕುಡಿದು ಬರುವ ದಾರಿಯಲ್ಲಿ ಬಸ್ ಕಂಡಕ್ಟರಿಗೆ ಹೊಡೆದನಾ? ಅಂಗಡಿಯವನಿಗೆ? ಮನೆ ಬಾಗಿಲು ಹಾಕುವ ತನಕ ತಡೆದುಕೊಂಡ ಕೈ ಅದು.

ಮೂರನೆಯದು: ಕಾಯುವ ಹಾಗಿಲ್ಲದ ಗುರುತುಗಳು

ಇಲ್ಲಿ ನಿಧಾನ ಮಾಡಬೇಡಿ. ಕೆಲವು ಗುರುತುಗಳು ಜೀವಕ್ಕೇ ಅಪಾಯ ಇದೆ ಎಂದು ಹೇಳುತ್ತವೆ.

ಎಲ್ಲಕ್ಕಿಂತ ದೊಡ್ಡದು ಕುತ್ತಿಗೆ ಹಿಸುಕುವುದು. "ಹೊಡೆಯಲಿಲ್ಲ, ಕುತ್ತಿಗೆಗೆ ಕೈ ಹಾಕಿದರು ಅಷ್ಟೇ" ಎಂದು ಹೆಂಗಸರೇ ಹಗುರಾಗಿ ಹೇಳುತ್ತಾರೆ. ಅಮೆರಿಕದಲ್ಲಿ 2008ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಹಿಂದೆ ಒಮ್ಮೆ ಸಂಗಾತಿ ಕುತ್ತಿಗೆ ಹಿಸುಕಿದ್ದರೆ ಮುಂದೆ ಅವನ ಕೈಯಲ್ಲೇ ಕೊಲೆಯಾಗುವ ಸಾಧ್ಯತೆ ಏಳು ಪಟ್ಟಿಗಿಂತ ಜಾಸ್ತಿ ಎಂದು ಕಂಡುಕೊಂಡಿತು. ಹೊರಗೆ ಕಲೆ ಕಾಣಬೇಕೆಂದೇನೂ ಇಲ್ಲ. ದನಿ ಒಡೆದಿದೆಯಾ, ಗಂಜಿ ನುಂಗಲು ಕಷ್ಟ ಆಗುತ್ತಿದೆಯಾ, ಕಣ್ಣಿನ ಬಿಳಿಯಲ್ಲಿ ಸಣ್ಣ ಸಣ್ಣ ಕೆಂಪು ಚುಕ್ಕೆ ಇದೆಯಾ, ಆ ಹೊತ್ತಿನಲ್ಲಿ ಪ್ರಜ್ಞೆ ತಪ್ಪಿತ್ತಾ, ಗೊತ್ತಿಲ್ಲದೆ ಮೂತ್ರ ಹೋಗಿತ್ತಾ ಎಂದು ಕೇಳಿ. ಒಂದಕ್ಕೆ ಹೌದು ಅಂದರೂ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕುತ್ತಿಗೆಯೊಳಗಿನ ಪೆಟ್ಟು ದಿನ ಎರಡು ದಿನ ಕಳೆದು ಕೆಡುವುದೂ ಉಂಟು.

ಉಳಿದವು: ಕೊಲ್ಲುತ್ತೇನೆ ಎಂದು ಹೇಳುವುದು, ಅದೂ ಹೇಗೆ ಎಂದು ವಿವರಿಸುವುದು. ಕತ್ತಿ ತೋರಿಸುವುದು. ತೋಟದ ಮನೆಯಲ್ಲಿ ಕತ್ತಿ, ಕೊಡಲಿ, ಗಿಡಕ್ಕೆ ಬಿಡುವ ವಿಷ ಎಲ್ಲ ಕೈಗೆ ಸಿಗುವಲ್ಲೇ ಇರುತ್ತದೆ, ಆದ್ದರಿಂದ ಈ ಮಾತನ್ನು ಬರೀ ಬಾಯಿಮಾತು ಎಂದು ಬಿಡಬೇಡಿ. ಬಸುರಿಗೆ ಹೊಡೆಯುವುದು. ಬಲವಂತದ ಸಂಭೋಗ. ಹೋದಲ್ಲೆಲ್ಲ ಹಿಂದೆ ಬರುವುದು. "ನೀನು ಹೋದರೆ ನಾನು ಸಾಯುತ್ತೇನೆ, ನಿನ್ನನ್ನೂ ಬಿಡುವುದಿಲ್ಲ" ಎನ್ನುವುದು. ಪೆಟ್ಟು ಮೊದಲಿಗಿಂತ ಬೇಗ ಬೇಗ, ಜೋರಾಗಿ ಬೀಳುತ್ತಿರುವುದು.

ಅವಳು ಮನೆ ಬಿಡುವ ದಿನ ಮತ್ತು ಬಿಟ್ಟ ಮೇಲಿನ ಕೆಲವು ತಿಂಗಳು ಎಲ್ಲಕ್ಕಿಂತ ಅಪಾಯದ ಕಾಲ. "ಅಷ್ಟು ಕಷ್ಟ ಇದ್ದರೆ ಬಿಟ್ಟು ಬರಬಾರದಾ" ಎಂದು ಕೇಳುವವರಿಗೆ ಇದು ಗೊತ್ತಿರುವುದಿಲ್ಲ. ಅವಳಿಗೆ ಗೊತ್ತಿರುತ್ತದೆ. ಬಿಡುತ್ತೇನೆ ಎಂದು ಅವನ ಮುಖಕ್ಕೆ ಹೇಳಿ ಬಿಡುವುದು ಬೇಡ. ತಯಾರಿ ಆದ ಮೇಲೆ, ಅವನು ಇಲ್ಲದ ಹೊತ್ತಿಗೆ.

ನಾಲ್ಕನೆಯದು: ಕೇಳುವುದು

ಫೋನಿನಲ್ಲಿ ಕೇಳಬೇಡಿ. ವಾಟ್ಸ್‌ಆಪ್‌ನಲ್ಲಿ ಬರೆಯಲೇ ಬೇಡಿ. ಅತ್ತೆ, ನಾದಿನಿ, ಮಾತು ತಿಳಿಯುವ ಮಕ್ಕಳು ಯಾರೂ ಹತ್ತಿರ ಇರಬಾರದು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಬ್ರಾಂಚಿಗೆ ಹೋಗುವ ದಾರಿಯಲ್ಲಿ, ಮದುವೆ ಮನೆಯಲ್ಲಿ ತರಕಾರಿ ಹೆಚ್ಚುವಾಗ ಕೇಳಬಹುದು. ಕೈಗೆ ಏನಾದರೂ ಕೆಲಸ ಇದ್ದರೆ ಮುಖ ನೋಡದೆ ಮಾತಾಡಬಹುದು, ಅವಳಿಗೆ ಅದು ಸುಲಭ.

"ನಿನ್ನ ಗಂಡ ಹೊಡೀತಾನಾ?" ಎಂದು ನೇರ ಕೇಳಿದರೆ "ಇಲ್ಲ" ಎಂದೇ ಉತ್ತರ. ನಾನು ಈಗ ಕೇಳುವುದು ಹೀಗೆ:

"ಮೊನ್ನೆಯಿಂದ ನೋಡ್ತಾ ಇದ್ದೇನೆ, ನೀನು ಮೊದಲಿನ ಹಾಗೆ ಇಲ್ಲ. ಮನೆಯಲ್ಲಿ ಹೆದರಿಕೆ ಆಗುವಂಥದ್ದು ಎಂತಾದರೂ ಉಂಟಾ?"

"ಎಂತ ಇಲ್ಲ ಟೀಚರ್."

"ಇಲ್ಲದಿದ್ದರೆ ಒಳ್ಳೆಯದೇ. ಯಾವತ್ತಾದರೂ ಇದ್ದರೆ ನನ್ನ ಬಾಗಿಲು ಬಡಿ. ಎಷ್ಟು ಹೊತ್ತಾದರೂ ಸರಿ. ನಾನು ಯಾರ ಹತ್ತಿರವೂ ಹೇಳುವುದಿಲ್ಲ."

ಅಷ್ಟೇ. ಅಲ್ಲಿಂದ ಮಾತು ಬೇರೆ ಕಡೆ ತಿರುಗಿಸಿ. ಮೊದಲ ಸಲವೇ ಬಾಯಿ ಬಿಟ್ಟವರನ್ನು ನಾನು ಕಂಡಿಲ್ಲ. ನಾಲ್ಕು ತಿಂಗಳ ಮೇಲೆ ಒಬ್ಬಳು ತಾನಾಗಿಯೇ ಬಂದು, "ಅವತ್ತು ಕೇಳಿದಿರಲ್ಲ" ಎಂದು ಶುರು ಮಾಡಿದಳು.

ಹೇಳಿದ ಮೇಲೆ ಕೆಲವು ಮಾತು ಬಾಯಿಗೆ ಬರಬಾರದು. "ನೀನು ಎಂತ ಮಾಡಿದೆ?" "ಸ್ವಲ್ಪ ಹೊಂದಿಕೊಂಡು ಹೋಗು." "ಮಕ್ಕಳ ಮುಖ ನೋಡು." "ನಿನ್ನ ತಂಗಿಯ ಮದುವೆ ಆಗುವ ತನಕ ತಡೆದುಕೋ." ಈ ಕೊನೆಯದನ್ನು ಹೇಳುವುದು ಹೆಚ್ಚಾಗಿ ತವರಿನವರೇ. ಹೇಳಬೇಕಾದದ್ದು ಚಿಕ್ಕದು: ನಿನ್ನ ಮಾತು ನಂಬುತ್ತೇನೆ, ತಪ್ಪು ನಿನ್ನದಲ್ಲ, ಈಗ ನಿನಗೆ ಎಂತ ಬೇಕು? ಅವನ ಹತ್ತಿರ ಹೋಗಿ ಬುದ್ಧಿ ಹೇಳುವ ಉಮೇದು ಮಾತ್ರ ಬೇಡ. ನೀವು ಬುದ್ಧಿ ಹೇಳಿ ಮನೆಗೆ ಹೋಗುತ್ತೀರಿ, ಅದರ ಲೆಕ್ಕ ಅವಳ ಮೈ ಮೇಲೆ ಚುಕ್ತಾ ಆಗುತ್ತದೆ.

ಐದನೆಯದು: ಒಂದು ಕಟ್ಟು, ಒಂದು ಗುರುತಿನ ಮಾತು

ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಮದುವೆ ರಿಜಿಸ್ಟ್ರೇಶನ್ ಪತ್ರ, ಮಕ್ಕಳ ಜನನ ಪತ್ರ, ಶಾಲೆಯ ದಾಖಲೆ, ಚಿನ್ನ ಅಡವಿಟ್ಟ ಚೀಟಿ. ಮೂಲಪ್ರತಿ ತೆಗೆದರೆ ಅವನಿಗೆ ಗೊತ್ತಾಗುತ್ತದೆ ಎಂದಾದರೆ ಜೆರಾಕ್ಸ್ ಸಾಕು. ಅದಕ್ಕೆ ಸ್ವಲ್ಪ ನಗದು, ದಿನದ ಮಾತ್ರೆ, ಒಂದು ಜೊತೆ ಬಟ್ಟೆ ಸೇರಿಸಿ ನಿಮ್ಮ ಮನೆಯಲ್ಲಿ ಇಡಿ. ಅವಳ ಮನೆಯಲ್ಲಿ ಬೇಡ. ಗಾಯದ ಫೋಟೋ ನಿಮ್ಮ ಫೋನಿನಲ್ಲಿ ತೆಗೆಯಿರಿ, ತಾರೀಕು ಬರೆದಿಡಿ. ಅವಳ ಫೋನಿನಲ್ಲಿ ಲೊಕೇಶನ್ ಯಾರಿಗೆ ಹೋಗುತ್ತಿದೆ ಎಂದು ನೋಡಿ. ಆದರೆ ಹೊರಡುವ ದಿನದ ಮೊದಲು ಅದನ್ನು ಆಫ್ ಮಾಡಿದರೆ ಅವನು ಎಚ್ಚರಾಗುತ್ತಾನೆ.

ಗುರುತಿನ ಮಾತು ಒಂದು ಇರಲಿ. ನಮ್ಮಲ್ಲಿ ಒಂದು ಮನೆಯವಳು ಆಚೆ ಮನೆಯವರ ಜೊತೆ "ಅಕ್ಕ, ಹೆಪ್ಪು ಉಂಟಾ?" ಎಂದು ಮಾಡಿಕೊಂಡಿದ್ದಳು. ಹಾಲಿಗೆ ಹೆಪ್ಪು ಕೇಳುವುದರಲ್ಲಿ ಯಾರಿಗೂ ಸಂಶಯ ಬರುವುದಿಲ್ಲ. ರಾತ್ರಿ ಕೇಳಿದರೂ ನಡೆಯುತ್ತದೆ. ಹೆಪ್ಪು ಕೇಳಿದರೆ ಅವರು ತುರ್ತು ನಂಬರ್ 112ಕ್ಕೆ ಫೋನ್ ಮಾಡಬೇಕು, ಮಗು ಒಂದು ಲೋಟ ಹಿಡಿದು ಬಂದರೆ ಮಗುವನ್ನು ಅಲ್ಲೇ ಇರಿಸಿಕೊಳ್ಳಬೇಕು.

ಜಗಳ ಏರುವಾಗ ಅಡುಗೆಮನೆಯಲ್ಲಿ ಇರಬೇಡ, ಬಚ್ಚಲಿಗೆ ಓಡಬೇಡ ಎಂದು ಅವಳಿಗೆ ಹೇಳಿಕೊಡಿ. ಒಂದರಲ್ಲಿ ಕತ್ತಿ, ಇನ್ನೊಂದಕ್ಕೆ ಎರಡನೇ ಬಾಗಿಲಿಲ್ಲ.

ಆರನೆಯದು: ಯಾರ ಹತ್ತಿರ, ಯಾವ ಭಾಷೆಯಲ್ಲಿ

ಈ ಕ್ಷಣ ಪೆಟ್ಟು ಬೀಳುತ್ತಿದ್ದರೆ 112. ಮಾತಾಡಿ ದಾರಿ ಕೇಳಬೇಕಿದ್ದರೆ ಮಹಿಳೆಯರ ಸಹಾಯವಾಣಿ 181. ಗಡಿ ಹತ್ತಿರದವರು ಫೋನ್ ಎತ್ತಿದ ಕೂಡಲೇ ಪಂಚಾಯಿತಿ, ಜಿಲ್ಲೆ, ರಾಜ್ಯ ಮೂರನ್ನೂ ಮೊದಲು ಹೇಳಿ. ಮಕ್ಕಳಿಗೆ ಅಪಾಯ ಇದ್ದರೆ 1098.

ನೇರ ಹೋಗುವುದಾದರೆ ಜಿಲ್ಲೆಯ ಸಖಿ ಕೇಂದ್ರಕ್ಕೆ ಹೋಗಬಹುದು. ವೈದ್ಯಕೀಯ ಸಹಾಯ, ಪೊಲೀಸ್, ವಕೀಲರು, ಕೌನ್ಸೆಲಿಂಗ್, ಕೆಲವು ದಿನ ತಂಗಲು ಜಾಗ ಎಲ್ಲ ಒಂದೇ ಕಡೆ ಸಿಗಲಿ ಎಂದೇ ಅದನ್ನು ಮಾಡಿದ್ದು. ಕಷ್ಟದಲ್ಲಿರುವ ಹೆಂಗಸರಿಗೆ ನೆರವಾಗುವ ಕುಟುಂಬಶ್ರೀಯ ಸ್ನೇಹಿತಾ ಕೇಂದ್ರ ಇನ್ನೊಂದು ಬಾಗಿಲು. ಹೆಂಗಸರ, ಮಕ್ಕಳ ಮೇಲಿನ ಹಿಂಸೆಯ ದೂರು ಕೇಳುವ ನಿಮ್ಮ ವಾರ್ಡಿನ ಜಾಗ್ರತಾ ಸಮಿತಿಯನ್ನೂ ಕೇಳಬಹುದು. ನನ್ನ ಅಭಿಪ್ರಾಯ ಕೇಳಿದರೆ, ಸಮಿತಿಯಲ್ಲಿ ಅವನ ನೆಂಟರು ಯಾರಾದರೂ ಇದ್ದಾರಾ ಎಂದು ಮೊದಲು ನೋಡಿಕೊಳ್ಳಿ. ಸಣ್ಣ ಊರು ನಮ್ಮದು.

ಆಸ್ಪತ್ರೆಯಲ್ಲಿ "ಬಿದ್ದೆ" ಎಂದು ಹೇಳಿಸಬೇಡಿ. ಯಾರು, ಯಾವುದರಿಂದ ಹೊಡೆದರು ಎಂದು ಹೇಳಿದರೆ ಚೀಟಿಯಲ್ಲಿ ಅದೇ ಬರುತ್ತದೆ. ಮುಂದೆ ಕೋರ್ಟಿನಲ್ಲಿ ಆ ಚೀಟಿ ಮಾತಾಡುತ್ತದೆ.

2005ರ ಕಾಯ್ದೆಯಡಿ ಪ್ರತಿ ಜಿಲ್ಲೆಯಲ್ಲಿ ಸಂರಕ್ಷಣಾ ಅಧಿಕಾರಿ ಇರುತ್ತಾರೆ. ಅವರಿಗೆ ಅವಳೇ ಹೇಳಬೇಕೆಂದಿಲ್ಲ, ನೀವೂ ಹೇಳಬಹುದು. ಒಳ್ಳೆಯ ಮನಸ್ಸಿನಿಂದ ಕೊಟ್ಟ ಮಾಹಿತಿಗೆ ನಿಮ್ಮ ಮೇಲೆ ಕೇಸು ಬರುವುದಿಲ್ಲ ಎಂದು ಕಾಯ್ದೆಯ 4ನೇ ಕಲಮಿನಲ್ಲೇ ಇದೆ. ಅವರು ವರದಿ ಬರೆದು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಲು ಸಹಾಯ ಮಾಡುತ್ತಾರೆ. ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನದೊಳಗೆ, ತೀರ್ಪು 60 ದಿನದೊಳಗೆ ಎಂದು ಕಾಯ್ದೆ ಹೇಳುತ್ತದೆ. ನಿಜದಲ್ಲಿ ಎಳೆಯುತ್ತದೆ, ಅದಕ್ಕೆ ತಯಾರಾಗಿರಿ. ಆದ್ದರಿಂದ ಮಧ್ಯಂತರ ಆದೇಶವನ್ನು ಮೊದಲೇ ಕೇಳಲು ವಕೀಲರಿಗೆ ಹೇಳಿ. ಮನೆ ಯಾರ ಹೆಸರಿನಲ್ಲಿದ್ದರೂ ಅಲ್ಲಿ ಇರುವ ಹಕ್ಕು ಅವಳಿಗಿದೆ. ರಕ್ಷಣೆಯ ಆದೇಶ ಮೀರಿದರೆ ಅವನಿಗೆ 1 ವರ್ಷದ ತನಕ ಜೈಲು, ಅಥವಾ 20,000 ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ವಕೀಲರ ಖರ್ಚಿನ ಚಿಂತೆ ಬೇಡ. 1987ರ ಕಾನೂನು ಸೇವಾ ಕಾಯ್ದೆಯ ಪ್ರಕಾರ ಹೆಂಗಸರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಅದರ ನಂಬರ್ 15100.

ಗಡಿಯಾಚೆಗೆ ಮದುವೆ ಮಾಡಿಕೊಟ್ಟವರು ನನ್ನನ್ನು ಜಾಸ್ತಿ ಕೇಳುವುದು ಇದನ್ನು. "ಟೀಚರ್, ಅಳಿಯನ ಮನೆ ಬಂಟ್ವಾಳದಲ್ಲಿ, ಮಗಳು ಈಗ ನಮ್ಮಲ್ಲಿದ್ದಾಳೆ. ಕೇಸಿಗೆ ಪ್ರತಿ ಸಲ ಗುಡ್ಡೆ ಹತ್ತಿ ಇಳಿದು ಅಲ್ಲಿಗೇ ಹೋಗಬೇಕಾ?" ಬೇಡ. ಅವಳು ತಾತ್ಕಾಲಿಕವಾಗಿ ಇರುವ ಜಾಗದ ಕೋರ್ಟಿನಲ್ಲೂ ಅರ್ಜಿ ಹಾಕಬಹುದು, ಅದು 27ನೇ ಕಲಮು. ಗಂಡನ ಮನೆಯ ಕ್ರೌರ್ಯದ ಕ್ರಿಮಿನಲ್ ಕೇಸನ್ನೂ ಆಶ್ರಯ ಪಡೆದ ಊರಿನಲ್ಲೇ ಹಾಕಬಹುದು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಮೊದಲು ದಂಡ ಸಂಹಿತೆಯಲ್ಲಿ 498ಎ ಎನ್ನುತ್ತಿದ್ದ ಆ ಕಲಮು 2024ರ ಜುಲೈ 1ರಿಂದ ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲಿ 85 ಆಗಿದೆ.

ಭಾಷೆಯ ವಿಷಯಕ್ಕೆ ಹೆದರಬೇಡಿ. ಕನ್ನಡ ಅಲ್ಪಸಂಖ್ಯಾತರು ಕನ್ನಡದಲ್ಲೇ ಸರ್ಕಾರದ ಜೊತೆ ಪತ್ರ ವ್ಯವಹಾರ ಮಾಡಲು ಕೇರಳದ ಭಾಷಾ ಕಾನೂನಿನಲ್ಲೇ ಅವಕಾಶ ಇದೆ. ದೂರನ್ನು ಮನೆಯಲ್ಲೇ ಕೂತು, ದಿನ, ಹೊತ್ತು, ನಡೆದದ್ದು ಎಂಬ ಕ್ರಮದಲ್ಲಿ ಕನ್ನಡದಲ್ಲಿ ಬರೆದುಕೊಂಡು ಹೋಗಿ. ಠಾಣೆಯಲ್ಲಿ ಮಲಯಾಳದಲ್ಲಿ ಬರೆದುಕೊಂಡರೆ ಓದಿ ಅರ್ಥ ಹೇಳುವ ತನಕ ಸಹಿ ಹಾಕಬೇಡಿ. ಮಲಯಾಳ ಮಾತಾಡಲು ಬರುವುದು ಬೇರೆ, ಓದಲು ಬರುವುದು ಬೇರೆ. ದೂರು ಕೊಟ್ಟವರಿಗೆ ಅದನ್ನು ಓದಿ ಹೇಳಬೇಕು, ಎಫ್‌ಐಆರ್ ಪ್ರತಿ ಉಚಿತವಾಗಿ ಕೊಡಬೇಕು ಎಂಬುದು ಕಾನೂನು. ಪ್ರತಿ ಕೇಳಿ ತೆಗೆದುಕೊಳ್ಳಿ, ಒಂದು ಜೆರಾಕ್ಸ್ ಆ ಕಟ್ಟಿಗೆ ಸೇರಿಸಿ.

ಕೊನೆಯದು: ಅವಳು ವಾಪಸ್ ಹೋದರೆ

ಹೋಗುತ್ತಾರೆ. ಮಕ್ಕಳ ಶಾಲೆಗಾಗಿ, ಕಾಸಿಲ್ಲದೆ, ಅವನು ಕಾಲಿಗೆ ಬಿದ್ದು ಅತ್ತದ್ದಕ್ಕೆ, ತವರಿನ ಅತ್ತಿಗೆ ಮುಖ ತಿರುಗಿಸಿದ್ದಕ್ಕೆ. ಎರಡು ಸಲ, ಮೂರು ಸಲ ಹೋದವರಿದ್ದಾರೆ. "ಇಷ್ಟೆಲ್ಲ ಓಡಾಡಿದ್ದು ದಂಡ" ಎಂದು ನಮಗೂ ಸಿಟ್ಟು ಬರುತ್ತದೆ. ಒಮ್ಮೆ ನಾನೂ ಒಬ್ಬಳ ಹತ್ತಿರ ಎರಡು ತಿಂಗಳು ಮಾತು ಬಿಟ್ಟಿದ್ದೆ. ಆ ಎರಡು ತಿಂಗಳಲ್ಲಿ ಅವಳಿಗೆ ಹೇಳಿಕೊಳ್ಳಲು ಯಾರೂ ಇರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ಆ ಕಟ್ಟನ್ನು ಬಿಚ್ಚಬೇಡಿ, ಕಪಾಟಿನಲ್ಲೇ ಇರಲಿ. ಮುಂದಿನ ವಾರ ಏನಾದರೂ ನೆಪ ಮಾಡಿಕೊಂಡು ಅವಳ ಮನೆಗೆ ಹೋಗಿ. ನೆಡಲು ನಾಲ್ಕು ಬಸಳೆ ದಂಟು ಕೊಂಡುಹೋದರೂ ಸಾಕು. ನೆಡಲು ಅವಳನ್ನು ಮನೆಯ ಹಿಂದಕ್ಕೆ ಕರೆಯಬಹುದು.